ಪಠ್ಯದ ಕಾದಂಬರಿಗೆ ನಿಮ್ಮದೇ ಅನಿಸಿಕೆ ಬರೆಯುವುದು ಹೇಗೆ? ‘ಚೋಮನ ದುಡಿ’ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

‘ಕಾದಂಬರಿಯ ಪಾತ್ರಗಳು ಮತ್ತು ಆಶಯದ ಬಗ್ಗೆ ನಿಮ್ಮ ಸ್ವಂತ ಅನಿಸಿಕೆ ಬರೆಯಿರಿ.’ ಡಿಗ್ರಿ ಓದುವವರಿಗೆ ಇಂಥ ಅಸೈನ್‌ಮೆಂಟ್ ಬಂದೇ ಬರುತ್ತದೆ. ಹೆಚ್ಚಿನವರು ಮೊದಲು ಗೈಡು ಹುಡುಕುತ್ತಾರೆ. ಲೇಖಕರ ಪರಿಚಯ, ಕಥೆಯ ಸಾರಾಂಶ, ಮುಖ್ಯ ಪಾತ್ರದ ಗುಣಗಳು, ಉಪಸಂಹಾರ. ನಾಲ್ಕು ಪುಟ ತುಂಬುತ್ತದೆ. ಆದರೆ ಅದನ್ನು ಓದಿದವರಿಗೆ ಬರೆದವರು ಯಾರು, ಅವರಿಗೆ ಪುಸ್ತಕ ಓದುವಾಗ ಏನಾಯಿತು ಅನ್ನುವುದು ಗೊತ್ತಾಗುವುದೇ ಇಲ್ಲ.

ಅನಿಸಿಕೆ ಬರೆಯುವುದನ್ನು ಕಲಿಯಬಹುದು. ಅದಕ್ಕೆ ದೊಡ್ಡ ಭಾಷೆ ಬೇಡ, ವಿಮರ್ಶೆಯ ಪರಿಭಾಷೆಯೂ ಬೇಡ. ನಿಮಗೆ ಅನಿಸಿದ್ದು ಪುಸ್ತಕದ ಯಾವ ಜಾಗದಲ್ಲಿ ಅನಿಸಿತು ಎಂದು ಬೆರಳಿಟ್ಟು ತೋರಿಸಲು ಬರಬೇಕು. ಈ ಮಾರ್ಗದರ್ಶಿಯಲ್ಲಿರುವುದು ಅಷ್ಟನ್ನೇ ಮಾಡುವ ದಾರಿ.

ಉದಾಹರಣೆಗೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ತೆಗೆದುಕೊಂಡಿದ್ದೇನೆ. 1933ರ ಕಾದಂಬರಿ. ದುಡಿ ಅಂದರೆ ಚೋಮ ಬಾರಿಸುವ ಚರ್ಮವಾದ್ಯ. ಗಾತ್ರದಲ್ಲಿ ಸಣ್ಣದು, ಒಂದೆರಡು ದಿನದಲ್ಲಿ ಓದಿ ಮುಗಿಸಬಹುದು. ಕಥೆಯ ಕೊನೆಯವರೆಗೂ ಮಾತಾಡಬೇಕಾಗುತ್ತದೆ, ಹಾಗಾಗಿ ಓದಿಲ್ಲದವರು ಮೊದಲು ಪುಸ್ತಕ ಓದಿ ಬನ್ನಿ. ನಿಮ್ಮ ಪಠ್ಯ ಬೇರೆ ಇದ್ದರೂ ಹಂತಗಳು ಇವೇ.

ಹಂತ 1: ಪೆನ್ಸಿಲ್ ಹಿಡಿದು ಓದಿ

ಮೊದಲ ಓದಿನಲ್ಲಿ ಅರ್ಥ ಹುಡುಕಲು ಹೋಗಬೇಡಿ. ಕಥೆಯ ಜೊತೆ ಹೋಗಿ. ಆದರೆ ಎಲ್ಲಿ ನಿಮ್ಮ ಓದು ತಡೆಯುತ್ತದೋ ಅಲ್ಲಿ ಅಂಚಿನಲ್ಲಿ ಒಂದು ಗೀಟು ಹಾಕಿ. ಸಿಟ್ಟು ಬಂದ ಜಾಗ, ನಂಬಲಾಗದ ಜಾಗ, ‘ಇವನು ಯಾಕೆ ಹೀಗೆ ಮಾಡಿದ?’ ಅನಿಸಿದ ಜಾಗ, ಅರ್ಥವಾಗದ ಮಾತು, ಎಲ್ಲದಕ್ಕೂ. ಬೇಜಾರಾದ ಪುಟಕ್ಕೂ ಗೀಟು ಹಾಕಿ, ಅದೂ ಅನಿಸಿಕೆಯೇ. ಲೈಬ್ರರಿ ಪುಸ್ತಕವಾದರೆ ಚೀಟಿ ಇಡಿ.

ಗೀಟಿನ ಪಕ್ಕ ಎರಡೇ ಎರಡು ಪದ ಬರೆಯಿರಿ. ‘ಯಾಕೆ ಸುಮ್ಮನಿದ್ದಾನೆ?’, ‘ತಾಯಿ ಮಾತು’, ‘ಮತ್ತೆ ದುಡಿ’. ಮರುದಿನ ನೋಡಿದಾಗ ಬರೀ ಗೀಟು ಏನನ್ನೂ ನೆನಪಿಸುವುದಿಲ್ಲ, ಈ ಎರಡು ಪದ ನೆನಪಿಸುತ್ತವೆ.

ಈ ಹಂತದಲ್ಲಿ ಗೈಡು, ಯೂಟ್ಯೂಬ್ ಸಾರಾಂಶ, ಸೀನಿಯರ್‌ಗಳ ನೋಟ್ಸು ಯಾವುದನ್ನೂ ನೋಡಬೇಡಿ. ಸಿನಿಮಾ ಕೂಡ ಆಮೇಲೆ ನೋಡಿ. ಬಿ.ವಿ. ಕಾರಂತರು ಈ ಕಾದಂಬರಿಯನ್ನು 1975ರಲ್ಲಿ ಸಿನಿಮಾ ಮಾಡಿದರು, ಅದಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಬಂತು, ಚೋಮನಾಗಿ ಎಂ.ವಿ. ವಾಸುದೇವರಾವ್ ಮರೆಯಲಾಗದಂತೆ ನಟಿಸಿದ್ದಾರೆ. ಅಷ್ಟು ಚೆನ್ನಾಗಿದೆ ಎಂಬ ಕಾರಣಕ್ಕೇ ಹೇಳುತ್ತಿದ್ದೇನೆ. ಒಮ್ಮೆ ಆ ಮುಖ ಮನಸ್ಸಿನಲ್ಲಿ ಕೂತರೆ ನಿಮ್ಮ ಚೋಮ ಹುಟ್ಟುವುದೇ ಇಲ್ಲ.

ಹಂತ 2: ಒಂದೇ ಒಂದು ಜಾಗ ಆರಿಸಿ

ಓದು ಮುಗಿದ ಮೇಲೆ ಗೀಟುಗಳನ್ನೆಲ್ಲ ಮತ್ತೆ ನೋಡಿ. ಯಾವುದು ಇನ್ನೂ ಕಾಡುತ್ತಿದೆ? ಅದನ್ನು ಹಿಡಿದುಕೊಳ್ಳಿ. ಎಲ್ಲವನ್ನೂ ಬರೆಯುವ ಆಸೆ ಬಿಡಿ. ಎಲ್ಲ ಪಾತ್ರಗಳ ಬಗ್ಗೆ ಒಂದೊಂದು ಪ್ಯಾರಾ ಬರೆದರೆ ಯಾವ ಪಾತ್ರವೂ ಕಾಣುವುದಿಲ್ಲ.

‘ಚೋಮನ ದುಡಿ’ಯಲ್ಲಿ ಸಾಮಾನ್ಯವಾಗಿ ಓದು ತಡೆಯುವ ಜಾಗಗಳು ಇವು. ಚೋಮ ಅಸ್ಪೃಶ್ಯರೆಂದು ದೂರವಿಟ್ಟ ಜಾತಿಯ ಆಳು. ಅವನಿಗೆ ಸ್ವಂತ ಬೇಸಾಯದ ಆಸೆ. ಧಣಿ ಸಂಕಪ್ಪಯ್ಯನ ಹತ್ತಿರ ಭೂಮಿ ಕೇಳುತ್ತಾನೆ. ಧಣಿಯ ಮನಸ್ಸು ಒಂದಿಷ್ಟು ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಕಾಫಿ ತೋಟದ ಸಾಲ ತೀರಿಸಲು ಮಕ್ಕಳಾದ ಚನಿಯ, ಗುರುವ ಹೋಗುತ್ತಾರೆ. ಚನಿಯ ಕಾಯಿಲೆ ಬಿದ್ದು ಸಾಯುತ್ತಾನೆ. ಗುರುವ ಕ್ರೈಸ್ತ ಹುಡುಗಿಯ ಜೊತೆ ಹೋಗಿಬಿಡುತ್ತಾನೆ. ಕಿರಿಯ ಮಗ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇರುತ್ತಾರೆ, ಮುಟ್ಟಬಾರದ ಜಾತಿ ಎಂದು ಯಾರೂ ಎತ್ತುವುದಿಲ್ಲ. ಭೂಮಿ ಸಿಗುತ್ತದೆಂದು ಮತಾಂತರಕ್ಕೆ ಹೊರಟ ಚೋಮ ಪಂಜುರ್ಲಿ ದೈವ ನೆನಪಾಗಿ ವಾಪಸ್ ಬರುತ್ತಾನೆ. ಬಂದು ನೋಡಿದರೆ ಮಗಳು ಬೆಳ್ಳಿ ತೋಟದ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಮನ್ವೇಲನ ಜೊತೆ ಇರುತ್ತಾಳೆ. ಅವಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಕೊನೆಗೆ ಎತ್ತುಗಳನ್ನೂ ಬಿಟ್ಟು, ದುಡಿ ಬಾರಿಸುತ್ತಾ ಪ್ರಾಣ ಬಿಡುತ್ತಾನೆ.

ಕ್ಲಾಸಿನಲ್ಲಿ ಹೆಚ್ಚಿನವರು ಮಗು ಮುಳುಗುವ ಪ್ರಸಂಗವನ್ನೇ ಆರಿಸುತ್ತಾರೆ. ತಪ್ಪಿಲ್ಲ. ಆದರೆ ಅಲ್ಲಿ ಏನು ಅನಿಸಬೇಕು ಅನ್ನುವುದು ಎಲ್ಲರಿಗೂ ಮೊದಲೇ ಗೊತ್ತು. ನನ್ನ ಸಲಹೆ, ನಿಮಗೆ ಇನ್ನೂ ತೀರ್ಮಾನ ಆಗದ ಜಾಗ ಆರಿಸಿ. ಚೋಮ ಪಾದ್ರಿಯ ಹತ್ತಿರ ಹೋಗದೆ ಹಿಂದಿರುಗಿದ್ದು ಸರಿಯೇ? ಬೆಳ್ಳಿಯನ್ನು ಹೊರಗೆ ಹಾಕಿದ್ದನ್ನು ನಾವು ಕ್ಷಮಿಸಬೇಕೇ? ಉತ್ತರ ಗೊತ್ತಿಲ್ಲದ ಕಡೆ ಬರವಣಿಗೆಗೆ ಕೆಲಸ ಇರುತ್ತದೆ.

ಹಂತ 3: ಪಾತ್ರದ ಗುಣಪಟ್ಟಿ ಬೇಡ, ಮೂರು ಪ್ರಶ್ನೆ ಕೇಳಿ

‘ಚೋಮ ಕಷ್ಟಜೀವಿ, ಸ್ವಾಭಿಮಾನಿ, ದೈವಭಕ್ತ, ಮಕ್ಕಳನ್ನು ಪ್ರೀತಿಸುವ ತಂದೆ.’ ಇದನ್ನು ಪುಸ್ತಕ ಮುಟ್ಟದೆಯೂ ಬರೆಯಬಹುದು. ಇನ್ಯಾವುದೋ ಕಾದಂಬರಿಯ ಇನ್ಯಾವುದೋ ತಂದೆಗೂ ಇದು ಹೊಂದುತ್ತದೆ, ಅಲ್ವಾ?

ಅದರ ಬದಲು ಮೂರು ಪ್ರಶ್ನೆ ಕೇಳಿ. ಈ ಪಾತ್ರಕ್ಕೆ ಏನು ಬೇಕು? ಅದಕ್ಕಾಗಿ ಏನು ಮಾಡುತ್ತದೆ, ಏನು ಬಿಟ್ಟುಕೊಡುತ್ತದೆ? ಅದರ ಬೆಲೆ ಯಾರು ಕೊಡುತ್ತಾರೆ?

ಚೋಮನಿಗೆ ಬೇಕಿರುವುದು ಉಳಲು ಒಂದಿಷ್ಟು ನೆಲ. ಇದಕ್ಕೆ ಸಾಕ್ಷಿ ಅವನ ಮಾತಿಗಿಂತ ಜಾಸ್ತಿ ಅವನ ಎತ್ತುಗಳಲ್ಲಿದೆ. ನೆಲ ಇಲ್ಲದವನು ಜೋಡಿ ಎತ್ತು ಸಾಕುತ್ತಾನೆ. ಮನೆಯಲ್ಲಿ ಮಕ್ಕಳಿಗೆ ಹೊಟ್ಟೆಗಿಲ್ಲ, ಆದರೂ ಎತ್ತು ಇವೆ. ಈ ಒಂದು ವಿವರ ಹಿಡಿದರೆ ಅವನ ಆಸೆಯ ಆಳ ಗೊತ್ತಾಗುತ್ತದೆ, ಅವನ ಹಠವೂ ಕಾಣುತ್ತದೆ. ‘ಸ್ವಾಭಿಮಾನಿ’ ಅನ್ನುವ ಪದಕ್ಕೆ ಅದು ಆಗುವುದಿಲ್ಲ.

ಮೂರನೇ ಪ್ರಶ್ನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಚೋಮನ ಬದುಕಿನ ಬೆಲೆಯನ್ನು ಚನಿಯ ಕೊಟ್ಟ. ಗುರುವ ತನ್ನ ದಾರಿ ನೋಡಿಕೊಂಡ. ಹಾಗಾದರೆ ಬೆಳ್ಳಿ? ಅಣ್ಣಂದಿರು ಹೋದ ಮೇಲೆ ಮನೆಯ ಭಾರ ಅವಳ ಮೇಲೆ ಬೀಳುತ್ತದೆ. ತೋಟಕ್ಕೂ ಹೋಗುತ್ತಾಳೆ. ಅಲ್ಲಿ ಅವಳ ಮೈಯೂ ಸಾಲದ ಲೆಕ್ಕಕ್ಕೆ ಸೇರುತ್ತದೆ. ಸಾಲ ತೀರಿತು ಎಂಬ ಸುದ್ದಿ ಮನೆಗೆ ಬಂದದ್ದು ಅವಳಿಂದ. ಹೇಗೆ ತೀರಿತು ಎಂಬುದನ್ನು ಹೊತ್ತುಕೊಂಡವಳೂ ಅವಳೊಬ್ಬಳೇ. ಕೊನೆಗೆ ತಂದೆಯ ಕೈಯಿಂದ ಹೊರಗೆ ಬಿದ್ದವಳೂ ಅವಳೇ.

ಬೆಳ್ಳಿಯ ಬಗ್ಗೆ ಬರೆಯುವವರು ಕಡಿಮೆ. ಪುಸ್ತಕದ ಹೆಸರಿನಲ್ಲಿ ಚೋಮ ಇದ್ದಾನೆ, ಗೈಡಿನಲ್ಲಿ ಚೋಮನ ಪಾತ್ರ ಚಿತ್ರಣ ಇದೆ, ಪರೀಕ್ಷೆಗೆ ಅದೇ ಬರುತ್ತದೆ. ನನಗೆ ಇದು ನಿಜವಾಗಿ ನೋವಿನ ಸಂಗತಿ. ನಾವು ಅಯ್ಯೋ ಎನ್ನುವ ಮನುಷ್ಯನೇ ಇನ್ನೊಬ್ಬರನ್ನು ಹೊರಗೆ ಹಾಕುತ್ತಾನೆ, ನಾವು ಅದನ್ನು ‘ದುರಂತ’ ಎಂದು ಒಂದೇ ಪದದಲ್ಲಿ ದಾಟಿಬಿಡುತ್ತೇವೆ.

ಹಾಗಾಗಿ ಒಂದು ಅಭ್ಯಾಸ ಮಾಡಿ. ಪುಸ್ತಕವನ್ನು ಎರಡನೇ ಸಲ ತೆರೆದು, ಮುಖ್ಯ ಪಾತ್ರ ಬಿಟ್ಟು ಇನ್ನೊಂದೇ ಪಾತ್ರ ಬರುವ ಪುಟಗಳನ್ನಷ್ಟೇ ಓದಿ. ಬೆಳ್ಳಿಯನ್ನೇ ಆರಿಸಿದರೆ, ಅವಳು ಯಾವಾಗ ಮಾತಾಡುತ್ತಾಳೆ? ಯಾರ ಎದುರು ಸುಮ್ಮನಿರುತ್ತಾಳೆ? ಅವಳ ಮನಸ್ಸಿನ ಒಳಗೆ ಲೇಖಕರು ನಮ್ಮನ್ನು ಎಲ್ಲಿ ಬಿಡುತ್ತಾರೆ, ಎಲ್ಲಿ ಹೊರಗೆ ನಿಲ್ಲಿಸುತ್ತಾರೆ? ಪುಟ ಸಂಖ್ಯೆ ಸಮೇತ ಬರೆದಿಟ್ಟುಕೊಳ್ಳಿ. ಒಂದು ಸಂಜೆಯ ಕೆಲಸ. ಗೈಡಿನಲ್ಲಿ ಇಲ್ಲದ್ದು ನಿಮ್ಮ ಕೈಗೆ ಬರುವುದು ಇಲ್ಲಿಂದ.

ಕೆಟ್ಟವರಂತೆ ಕಾಣುವವರಿಗೂ ಇದೇ ಮೂರು ಪ್ರಶ್ನೆ ಕೇಳಿ. ಸಂಕಪ್ಪಯ್ಯ ರಾಕ್ಷಸನಾಗಿದ್ದರೆ ಓದು ಸುಲಭವಾಗುತ್ತಿತ್ತು. ಅವನು ರಾಕ್ಷಸನಲ್ಲ. ಒಳ್ಳೆಯ ಮನಸ್ಸು ಇದ್ದೂ ತಾಯಿಯ ಮಾತಿನ ಎದುರು, ಊರಿನ ಕಟ್ಟಳೆಯ ಎದುರು ಅವನು ಸೋಲುತ್ತಾನೆ. ಚೋಮನಿಗೆ ನೆಲ ತಪ್ಪಿದ್ದು ಒಬ್ಬ ಕ್ರೂರಿಯಿಂದಲ್ಲ, ಆ ಮೆತ್ತಗಿನ ಮನುಷ್ಯನಿಂದ. ಇದು ನನಗೆ ಮಗು ಮುಳುಗುವ ಪ್ರಸಂಗಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ.

ಹಂತ 4: ಆಶಯವನ್ನು ಪೂರ್ತಿ ವಾಕ್ಯದಲ್ಲಿ ಹೇಳಿ

‘ಈ ಕಾದಂಬರಿಯ ಆಶಯ ಜಾತಿ ವ್ಯವಸ್ಥೆ.’ ಇಷ್ಟಕ್ಕೆ ನಿಲ್ಲಿಸಬೇಡಿ. ಜಾತಿ, ಬಡತನ, ಭೂಮಿ, ಮತಾಂತರ, ಇವೆಲ್ಲ ವಿಷಯಗಳು. ಆ ವಿಷಯದ ಬಗ್ಗೆ ಈ ಕಥೆ ಏನು ತೋರಿಸುತ್ತದೆ ಎಂದು ಹೇಳಿದಾಗಲೇ ಆಶಯ ಸಿಗುವುದು. ಒಂದು ಪೂರ್ತಿ ವಾಕ್ಯ ಬರೆಯಿರಿ, ಅದನ್ನು ಯಾರಾದರೂ ಒಪ್ಪದೇ ಇರಲು ಜಾಗ ಇರಬೇಕು.

‘ಚೋಮನಿಗೆ ಸಾಲಕ್ಕಿಂತ ದೊಡ್ಡ ಸರಪಳಿ ಅವನ ದೈವನಂಬಿಕೆ.’ ಇದನ್ನು ಒಪ್ಪದವರು ಇದ್ದಾರೆ. ಎಲ್ಲವನ್ನೂ ಕಳೆದುಕೊಂಡವನಿಗೆ ಪಂಜುರ್ಲಿ ಒಬ್ಬನೇ ತನ್ನವನು, ಅವನನ್ನು ಬಿಡದೇ ಇದ್ದದ್ದೇ ಚೋಮನ ಗೆಲುವು ಎನ್ನಬಹುದು. ನೀವು ಯಾವ ಕಡೆ? ಯಾಕೆ? ಯಾವ ಪುಟ ನೋಡಿ? ಇಲ್ಲಿ ಅನಿಸಿಕೆ ಮತ್ತು ಪುಸ್ತಕ ಒಂದನ್ನೊಂದು ಹಿಡಿಯುತ್ತವೆ.

ಆಶಯ ಹುಡುಕಲು ಇನ್ನೊಂದು ದಾರಿ, ಒಂದು ವಸ್ತುವನ್ನು ಹಿಡಿದು ಪುಸ್ತಕದುದ್ದಕ್ಕೂ ಹೋಗುವುದು. ಇಲ್ಲಿ ದುಡಿ ಇದೆ. ಚೋಮ ಅದನ್ನು ಯಾವಾಗೆಲ್ಲ ಕೈಗೆ ತೆಗೆದುಕೊಳ್ಳುತ್ತಾನೆ ಎಂದು ಪಟ್ಟಿ ಮಾಡಿ. ಅದಕ್ಕೆ ಸ್ವಲ್ಪ ಮೊದಲು ಏನಾಯಿತು? ಯಾರು ಕೇಳಿಸಿಕೊಂಡರು? ಧಣಿಯ ಎದುರು ಬಾಯಿಗೆ ಬಾರದ ಮಾತು ದುಡಿಯಲ್ಲಿ ಬರುತ್ತದೆ ಎಂದು ನನಗೆ ಅನಿಸಿದೆ. ನಿಮ್ಮ ಪಟ್ಟಿ ಬೇರೆ ಹೇಳಿದರೆ ನಿಮ್ಮ ಪಟ್ಟಿಯನ್ನೇ ನಂಬಿ.

ಹಂತ 5: ಪುಸ್ತಕದ ಕಾಲ ತಿಳಿದುಕೊಳ್ಳಿ, ಆದರೆ ಅಲ್ಲೇ ಉಳಿಯಬೇಡಿ

ಹಿನ್ನೆಲೆ ಒಂದು ಪ್ಯಾರಾ ಸಾಕು. ನಿಮ್ಮ ಪ್ರಶ್ನೆಗೆ ಬೇಕಾದಷ್ಟನ್ನು ಮಾತ್ರ ತನ್ನಿ.

1933ರಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಅಸ್ಪೃಶ್ಯತೆ ನಿಷೇಧಿಸಿದ ಸಂವಿಧಾನ ಬರಲು ಇನ್ನೂ ಹದಿನೇಳು ವರ್ಷ ಇತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದು ದುಡಿದು, 1928ರಲ್ಲಿ ತೀರಿಹೋಗಿದ್ದರು. ಅಂದರೆ ಬದಲಾಗಬೇಕು ಎಂಬ ಮಾತು ಆ ಜಿಲ್ಲೆಯಲ್ಲೇ ಆಗಲೇ ಹುಟ್ಟಿತ್ತು. ಹೀಗಿರುವಾಗ ‘ಆ ಕಾಲದಲ್ಲಿ ಯಾರಿಗೂ ತಿಳುವಳಿಕೆ ಇರಲಿಲ್ಲ’ ಎಂದು ಸುಮ್ನೆ ಬರೆಯುವ ಹಾಗಿಲ್ಲ.

ಭೂಮಿಯ ಬಗ್ಗೆ ಬರೆಯುವವರು 1974ರ ಭೂ ಸುಧಾರಣೆಯನ್ನು ನೆನೆಯುತ್ತಾರೆ. ದೇವರಾಜ ಅರಸು ಅವರ ಕಾಲದ ಆ ಕಾನೂನಿನಿಂದ ಕರಾವಳಿಯಲ್ಲಿ ಎಷ್ಟೋ ಗೇಣಿದಾರರಿಗೆ ನೆಲ ಸಿಕ್ಕಿತು. ಆದರೆ ಒಂದು ಸೂಕ್ಷ್ಮ ಗಮನಿಸಿ. ಅದು ಮುಖ್ಯವಾಗಿ ಗೇಣಿಗೆ ಉಳುತ್ತಿದ್ದವರಿಗೆ ಹಕ್ಕು ಕೊಟ್ಟ ಕಾನೂನು. ಚೋಮ ಗೇಣಿದಾರನೂ ಅಲ್ಲ, ಇನ್ನೊಬ್ಬರ ನೆಲದಲ್ಲಿ ಮೈ ಮುರಿದು ದುಡಿಯುವ ಆಳು. ಅವನು ಆಗ ಬದುಕಿದ್ದರೆ ನೆಲ ಕೇಳುವ ಅರ್ಜಿಯಲ್ಲಿ ಏನೆಂದು ಬರೆಸುತ್ತಿದ್ದ? ಹಿನ್ನೆಲೆ ಓದಿದ್ದಕ್ಕೆ ಸಾರ್ಥಕ ಅನಿಸುವುದು ಇಂಥ ಪ್ರಶ್ನೆ ಹುಟ್ಟಿದಾಗ.

ಲೇಖಕರ ಜೀವನ ಚರಿತ್ರೆ ಬೇಡವೇ ಬೇಡ. ಜ್ಞಾನಪೀಠ ಬಂದದ್ದು ಮೇಷ್ಟ್ರಿಗೆ ಗೊತ್ತಿದೆ.

ಹಂತ 6: ನಿಮ್ಮ ಬದುಕನ್ನು ತನ್ನಿ, ಅಳೆದು ತನ್ನಿ

‘ಸ್ವಂತ ಅನಿಸಿಕೆ’ ಅಂದ ಕೂಡಲೇ ಕೆಲವರು ಪುಸ್ತಕ ಬಿಟ್ಟು ತಮ್ಮ ಕಥೆ ಹೇಳುತ್ತಾರೆ. ಇನ್ನು ಕೆಲವರು ಹೆದರಿ ‘ನಾನು’ ಎಂಬ ಪದವನ್ನೇ ಬಳಸುವುದಿಲ್ಲ. ಎರಡರ ನಡುವೆ ಒಂದು ಅಳತೆ ಇದೆ. ನಿಮ್ಮ ಅನುಭವ ಪುಸ್ತಕದ ಒಂದು ಸಾಲನ್ನು ಇನ್ನಷ್ಟು ಸ್ಪಷ್ಟ ಮಾಡಿದರೆ ಇರಲಿ. ಮಾಡದಿದ್ದರೆ ಬಿಡಿ.

ಇದರಲ್ಲಿ ಯಾರು ಓದುತ್ತಿದ್ದಾರೆ ಎಂಬುದೂ ಮುಖ್ಯ. ಒಂದೇ ಬೆಂಚಿನಲ್ಲಿ ಭೂಮಿ ಇದ್ದ ಮನೆಯ ಹುಡುಗಿ ಕೂತಿರುತ್ತಾಳೆ, ಅದೇ ಭೂಮಿಯಲ್ಲಿ ಕೂಲಿ ಮಾಡಿದವರ ಮೊಮ್ಮಗನೂ ಕೂತಿರುತ್ತಾನೆ. ಇಬ್ಬರಿಗೂ ಒಂದೇ ಅನಿಸಿಕೆ ಬರಬೇಕಿಲ್ಲ. ಮೊದಲನೆಯವಳು ‘ಪಾಪ ಚೋಮ’ ಎಂದು ನಿಲ್ಲಿಸದೆ, ಸಂಕಪ್ಪಯ್ಯನ ತಾಯಿಯ ಮಾತು ತನ್ನ ಮನೆಯಲ್ಲಿ ಬೇರೆ ರೂಪದಲ್ಲಿ ಕೇಳಿದ್ದೇನೆಯೇ ಎಂದು ಕೇಳಿಕೊಳ್ಳಬಹುದು. ಬೇರೆ ಲೋಟ, ಹಿಂದಿನ ಬಾಗಿಲು, ಇವೆಲ್ಲ ಎಷ್ಟೋ ಮನೆಗಳಲ್ಲಿ ನಿನ್ನೆ ಮೊನ್ನೆಯ ಮಾತು. ಎರಡನೆಯವನು ಈ ಕಥೆಯನ್ನು ಒಪ್ಪಲೇಬೇಕು ಎಂದಿಲ್ಲ. ‘ಚೋಮ ಯಾಕೆ ಸೋತೇ ಸಾಯಬೇಕು? ಹೊರಗಿನವರು ಬರೆದಾಗ ನಮ್ಮವರ ಕಥೆ ಸಾವಿನಲ್ಲೇ ಮುಗಿಯುತ್ತದೆ ಯಾಕೆ?’ ಎಂದು ಕೇಳುವ ಹಕ್ಕು ಅವನಿಗೆ ಇದೆ. ಪುಸ್ತಕದ ಮೇಲೆ ಸಿಟ್ಟು ಬಂದರೆ ಆ ಸಿಟ್ಟಿಗೂ ಪುಟ ತೋರಿಸಿ, ಅದು ಒಳ್ಳೆಯ ಅನಿಸಿಕೆ ಆಗುತ್ತದೆ.

ಮನೆಯ ಸಂಗತಿ ಹೇಳಲು ಇಷ್ಟ ಇಲ್ಲದಿದ್ದರೆ ಹೇಳಬೇಡಿ. ನಿಮ್ಮ ನೋವನ್ನು ತೆರೆದಿಡುವುದು ಅಂಕಕ್ಕೆ ಕೊಡುವ ಬೆಲೆ ಆಗಬಾರದು. ಮನೆಯವರ, ಅಕ್ಕಪಕ್ಕದವರ ಹೆಸರನ್ನೂ ಹಾಕಬೇಡಿ.

ಹಂತ 7: ಬರೆಯಿರಿ

ಸಾರಾಂಶ ಮೂರ್ನಾಲ್ಕು ಸಾಲಿಗಿಂತ ಜಾಸ್ತಿ ಬೇಡ. ಆರಂಭ ನೇರವಾಗಿ ನೀವು ಆರಿಸಿದ ಜಾಗದಿಂದ ಆಗಲಿ. ಹೇಗೆಂದು ಒಂದು ಮಾದರಿ ಬರೆದು ತೋರಿಸುತ್ತೇನೆ. ಮೊದಲು ಸಾಮಾನ್ಯವಾಗಿ ಬರುವಂಥದ್ದು:

“ಬೆಳ್ಳಿ ಈ ಕಾದಂಬರಿಯ ಪ್ರಮುಖ ಸ್ತ್ರೀ ಪಾತ್ರ. ಆಕೆ ತ್ಯಾಗಮಯಿ. ಕುಟುಂಬಕ್ಕಾಗಿ ತನ್ನ ಬದುಕನ್ನೇ ಮುಡಿಪಾಗಿಟ್ಟಳು. ಆಕೆಯ ಪಾತ್ರ ನನ್ನ ಮನ ಕಲಕಿತು.”

ಇದರಲ್ಲಿ ತಪ್ಪು ಮಾಹಿತಿ ಇಲ್ಲ. ಆದರೆ ಬೆಳ್ಳಿ ಏನು ಮಾಡಿದಳು ಎಂಬುದೇ ಇಲ್ಲ. ‘ತ್ಯಾಗ’ ಅಂದರೆ ಅವಳೇ ಆರಿಸಿಕೊಂಡಳು ಎಂದಾಗುತ್ತದೆ. ನಿಜವಾಗಿ ಆರಿಸುವ ಅವಕಾಶ ಅವಳಿಗೆ ಇತ್ತೇ? ಈಗ ತಿದ್ದಿದ್ದು:

“ಸಾಲ ತೀರಿತು ಎಂದು ಬೆಳ್ಳಿ ಹೇಳುವಾಗ ನಾನು ಓದು ನಿಲ್ಲಿಸಿದೆ. ಇಬ್ಬರು ಅಣ್ಣಂದಿರು ಹೋಗಿಯೂ ತೀರದ ಸಾಲ ಇವಳು ಹೋದಾಗ ತೀರಿತು. ಹೇಗೆ ಎಂಬುದು ನನಗೆ ಗೊತ್ತು, ಅವಳಿಗೆ ಗೊತ್ತು. ಮುಂದೆ ಚೋಮ ಅವಳನ್ನು ಮನೆಯಿಂದ ಹಾಕಿದಾಗ ನನಗೆ ಅವನ ಮೇಲೆ ಸಿಟ್ಟು ಬಂತು. ಅಲ್ಲಿಯವರೆಗೆ ನಾನು ಅವನ ಪರ ಇದ್ದೆ. ಧಣಿಯ ಎದುರು ಎತ್ತದ ದನಿಯನ್ನು ಅವನು ಮಗಳ ಮೇಲೆ ಎತ್ತಿದ. ಅವನಿಗೆ ಎತ್ತಲು ಸಾಧ್ಯವಿದ್ದ ಜಾಗ ಅದೊಂದೇ ಆಗಿತ್ತೇನೋ. ಅದು ಅರ್ಥವಾದರೂ ನನ್ನ ಸಿಟ್ಟು ಹೋಗಲಿಲ್ಲ.”

ಎರಡನೆಯದರಲ್ಲಿ ಘಟನೆ ಇದೆ, ಓದುಗ ಇದ್ದಾನೆ, ಮನಸ್ಸು ಬದಲಾದ ಕ್ಷಣ ಇದೆ. ಕೊನೆಯಲ್ಲಿ ತೀರ್ಪು ಪೂರ್ತಿ ಆಗದೆ ಉಳಿದಿದೆ, ಅದನ್ನು ಮುಚ್ಚಿಲ್ಲ. ನಿಮ್ಮ ಪ್ಯಾರಾದಲ್ಲಿ ಈ ನಾಲ್ಕೂ ಇವೆಯೇ ನೋಡಿಕೊಳ್ಳಿ.

ಒಂದು ಪ್ಯಾರಾಗೆ ಒಂದೇ ಅಂಶ. ಪುಸ್ತಕದ ಸಾಲು ಎತ್ತಿ ಬರೆದರೆ ಉದ್ಧರಣ ಚಿಹ್ನೆ ಹಾಕಿ, ಪುಟ ಸಂಖ್ಯೆ ಕೊಡಿ, ಎರಡು ಸಾಲು ಮೀರಬೇಡಿ. ಎತ್ತಿದ ಸಾಲಿನ ಕೆಳಗೆ ಆ ಸಾಲಿನ ಯಾವ ಪದ ನಿಮ್ಮನ್ನು ತಡೆಯಿತು ಎಂದು ಹೇಳಲೇಬೇಕು. ಹೇಳದಿದ್ದರೆ ಅದು ಪುಟ ತುಂಬಿಸುವ ಕೆಲಸ. ‘ಮನ ಕಲಕಿತು’, ‘ಕಣ್ಣು ತೇವವಾಯಿತು’, ‘ಇಂದಿಗೂ ಪ್ರಸ್ತುತ’, ಈ ಮೂರು ಮಾತು ಬಂದಲ್ಲೆಲ್ಲ ಹೊಡೆದು ಹಾಕಿ. ಆ ಜಾಗದಲ್ಲಿ ಯಾವ ಪ್ರಸಂಗ, ಇಂದು ಎಲ್ಲಿ, ಹೇಗೆ ಪ್ರಸ್ತುತ ಎಂದು ಬರೆಯಿರಿ.

ಚಾಟ್‌ಬಾಟ್‌ಗೆ ಹೇಳಿ ಬರೆಸಿದರೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದು ನಾಲ್ಕು ಪುಟ ಕೊಡುತ್ತದೆ. ನೀವು ಯಾವ ಪುಟದಲ್ಲಿ ಓದು ನಿಲ್ಲಿಸಿದಿರಿ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಕೇಳಿದ್ದು ಅದನ್ನೇ ಅಲ್ವಾ?

ಹಂತ 8: ತಿದ್ದಿ

ಬರೆದದ್ದನ್ನು ಒಂದು ರಾತ್ರಿ ಬಿಡಿ. ಮರುದಿನ ಗಟ್ಟಿಯಾಗಿ ಓದಿ. ನಾಲಿಗೆ ಎಡವಿದ ವಾಕ್ಯವನ್ನು ಎರಡಾಗಿ ಒಡೆಯಿರಿ. ‘ನನಗೆ ಅನಿಸುತ್ತದೆ’ ಎಂಬುದು ಪ್ರತಿ ಸಾಲಿನಲ್ಲೂ ಬಂದಿದ್ದರೆ ಮುಕ್ಕಾಲು ತೆಗೆಯಿರಿ.

ಆಮೇಲೆ ಪುಸ್ತಕ ಓದಿರುವ ಒಬ್ಬ ಗೆಳೆಯನಿಗೆ ಕೊಡಿ. ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ. ‘ನೀನು ಎಲ್ಲಿ ಒಪ್ಪಲ್ಲ?’ ಎಂದು ಕೇಳಿ. ಅವನು ಜಗಳಕ್ಕೆ ಬಂದರೆ ಖುಷಿಪಡಿ. ಅವನು ತೋರಿಸಿದ ಪುಟ ತೆರೆದು ಮತ್ತೆ ಓದಿ. ನಿಮ್ಮ ಮಾತು ನಿಲ್ಲುತ್ತದೆ ಅನಿಸಿದರೆ ಅವನ ಆಕ್ಷೇಪವನ್ನೂ ಬರಹದಲ್ಲಿ ಸೇರಿಸಿ ಉತ್ತರ ಕೊಡಿ. ನಿಲ್ಲುವುದಿಲ್ಲ ಅನಿಸಿದರೆ ಅನಿಸಿಕೆ ಬದಲಾಯಿಸಿ. ಸಲ್ಲಿಸುವ ಹಿಂದಿನ ದಿನವೂ ಬದಲಾಯಿಸಬಹುದು.

ಕೊನೆಯ ಪ್ಯಾರಾಗೆ ಉಪಸಂಹಾರ ಎಂಬ ತಲೆಬರಹ ಬೇಡ. ನಿಮ್ಮ ಕೊನೆಯ ಅಂಶ ಎಲ್ಲಿ ಮುಗಿಯಿತೋ ಅಲ್ಲೇ ನಿಲ್ಲಿಸಿ. ಮೊದಲ ಪುಟದಲ್ಲಿ ನಿಮ್ಮ ಹೆಸರು, ತರಗತಿ, ರಿಜಿಸ್ಟರ್ ನಂಬರ್, ಜೊತೆಗೆ ಯಾವ ಪ್ರಕಾಶನದ ಯಾವ ವರ್ಷದ ಮುದ್ರಣ ಓದಿದಿರಿ ಎಂದು ಬರೆಯಿರಿ. ಮುದ್ರಣ ಬೇರೆಯಾದರೆ ಪುಟ ಸಂಖ್ಯೆಯೂ ಬೇರೆ, ಆಗ ಮೇಷ್ಟ್ರಿಗೆ ನೀವು ತೋರಿಸಿದ ಜಾಗ ಸಿಗುವುದಿಲ್ಲ.